ಕರಕಿವಾಡಿಗೆ ಒಂದು ಟಿಕೇಟು

“ಇಲ್ಲಿಂದ ಹೋದ ಮಂದಿ ತಿರುಗಿ ಬರೂದೇ ಇಲ್ಲೇನ್ರಿ ಮೇಡಂ?”

ರೈಲ್ವೆ ನಿರೀಕ್ಷಕ ಅನೀಲಕುಮಾರ ನಗುತ್ತಲೇ ಕೇಳಿದ್ದ. ಆದರೂ ಟಿಕೇಟು ಕಿಂಡಿಯ ಒಳಗೆ ಕೂತಿದ್ದ ರತ್ನಮಾಲಾಳ ಕೈ ಠಸ್ಸೆಯ ಮೇಲೆ ನಿಂತುಬಿಟ್ಟಿತು. ಬೆಳಗಿನ ಗಾಡಿ ಆಗತಾನೇ ಹುಮನಾಬಾದದ ಕಡೆಗೆ ಹೋಗಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಈಗ ಒಂದು ಕಲ್ಲುಬೆಂಚು, ಅದರ ಕೆಳಗೆ ಮಲಗಿದ ನಾಯಿ, ಮೂರು ಭಾಷೆಗಳಲ್ಲಿ ‘ಕರಕಿವಾಡಿ ಹಾಲ್ಟ್’ ಎಂದು ಬರೆದ ಹಳದಿ ಫಲಕ, ಇಷ್ಟೇ ಉಳಿದಿದ್ದವು.

“ಬರ್ತಾರ್ರಿ. ಸಂಜಿ ಗಾಡಿಗಿ ಎಲ್ಲಾರೂ ಬರ್ತಾರ,” ಎಂದಳು.

“ಬರ್ತಾರ ಅಂತ ನೀವು ಅಂತೀರಿ. ಕಾಗದ ಇಲ್ಲ ಅಂತದ.” ಅವನು ಫೈಲು ಬಿಚ್ಚಿ ಕಿಂಡಿಯ ಕಟ್ಟೆಯ ಮೇಲಿಟ್ಟ. “ಇಲ್ಲಿಂದ ದಿನಾ ಮೂವತ್ತು ನಲವತ್ತು ಮಂದಿ ಹೋಗ್ತಾರ. ಇಲ್ಲಿಗಿ ಬರೂ ಟಿಕೇಟ್ ಮಾತ್ರ ಒಂದೂ ಇಲ್ಲ. ಹಾಲ್ಟ್ ಸುರು ಆದಾಗಿಂದ ಒಂದಂದ್ರ ಒಂದೂ ಇಲ್ಲ. ನನ್ನ ನೌಕ್ರಿಯಾಗ ಇಂಥಾ ಸ್ಟೇಷನ್ ನಾ ನೋಡಿಲ್ಲ ಬಿಡ್ರಿ.”

“ಅವ್ರು ಕಮಲಾಪೂರದ ಟಿಕೇಟ್ ತಗೊಂತಾರ್ರಿ. ಮುಂದಿನ ಸ್ಟೇಷನ್. ದರ ಒಂದೇ ಅದ. ಇಲ್ಲಿ ಇಳಕೊಂತಾರ.”

“ಯಾಕ?”

ಅವಳಲ್ಲಿ ಉತ್ತರವಿತ್ತು. ಆದರೆ ಅದು ರೈಲ್ವೆಯ ಫೈಲಿನಲ್ಲಿ ಬರೆಯುವಂಥದ್ದಾಗಿರಲಿಲ್ಲ. “ರೂಢಿ ಆಗ್ಯದರಿ,” ಎಂದಷ್ಟೇ ಹೇಳಿದಳು.

ಅನೀಲಕುಮಾರ ಕೆಟ್ಟವನಲ್ಲ. ಫೈಲು ಮುಚ್ಚಿ, ದನಿ ತಗ್ಗಿಸಿ ಹೇಳಿದ. ಒಂದನೇ ತಾರೀಖಿನಿಂದ ಸಂಜೆಯ ಗಾಡಿ ಇಲ್ಲಿ ನಿಲ್ಲುವುದಿಲ್ಲ. ಯಾರೂ ಬಾರದ ಊರಿನಲ್ಲಿ ಗಾಡಿ ಯಾಕೆ ನಿಲ್ಲಬೇಕು ಎಂದು ಮೇಲಿನವರು ಕೇಳಿದ್ದಾರೆ. “ಶನಿವಾರದೊಳಗ ಒಂದು ಡಜನ್ ಟಿಕೇಟ್ ಆದ್ರೂ ತೋರಸ್ರಿ. ಮಂದಿ ಬರಾಕತ್ತಾರ ಅಂತ ನಾ ಬರದು ಕಳಸ್ತೀನಿ. ನಿಮ್ಮ ಊರವರೆಲ್ಲಾ ಬಾಯಿ ಬಿಟ್ಟು ಒಮ್ಮೆ ಕರಕಿವಾಡಿ ಅಂದ್ರ ಸಾಕು, ಒಂದೇ ದಿನದಾಗ ಆಗಿಹೋಗ್ತದ.”

ಬಾಯಿ ಬಿಟ್ಟು ಒಮ್ಮೆ ಅಂದರೆ ಸಾಕು. ಅವನು ಭಾಲ್ಕಿಯ ಕಡೆಯವನು. ಅವನಿಗೆ ಗೊತ್ತಿರಲಿಲ್ಲ.

ಹಾಲ್ಟಿನಿಂದ ಒಂದು ಮೈಲಿ ದೂರದ ಬನ್ನಿಕೇರಾದಲ್ಲಿ ಯಾರಾದರೂ ತೀರಿಕೊಂಡರೆ ಸತ್ತ ಎನ್ನುವುದಿಲ್ಲ. ಕರಕಿವಾಡಿಗೆ ಹೋದ ಎನ್ನುತ್ತಾರೆ. ಕಾಯಿಲೆ ಬಿದ್ದ ಮುದುಕನನ್ನು ನೋಡಿಬಂದವರು, “ಇನ್ನೇನು, ಕರಕಿವಾಡಿ ದಾರಿ ಹಿಡದಾನ,” ಎಂದು ಪಿಸುಗುಡುತ್ತಾರೆ. ಮಕ್ಕಳ ಎದುರಿಗೆ ಆ ಹೆಸರನ್ನು ಎತ್ತುವುದಿಲ್ಲ. ಮನೆಯಿಂದ ಹೊರಡುವವರ ಮುಂದಂತೂ ಇಲ್ಲವೇ ಇಲ್ಲ. ಕಂದಾಯದ ಕಾಗದಗಳಲ್ಲಿ ಮಾತ್ರ ಕರಕಿವಾಡಿ ಈಗಲೂ ಒಂದು ಊರು. ಅದರ ಹೆಸರಿನ ಮುಂದೆ ‘ಬೇಚಿರಾಖ್’ ಎಂದು ಬರೆದಿರುತ್ತದೆ. ನಿಜಾಮರ ಕಾಲದ ಶಬ್ದ. ದೀಪವಿಲ್ಲದ್ದು ಎಂದು ಅರ್ಥ. ಪ್ಲೇಗು ಬಂದ ಒಂದು ವರ್ಷ ಊರೆಲ್ಲ ಖಾಲಿಯಾಯಿತು. ಬದುಕಿದವರು ಬನ್ನಿಕೇರಾಕ್ಕೆ ಬಂದರು. ಹಿಂದಿರುಗಿ ಹೋಗಿ ದೀಪ ಹಚ್ಚಿದವರು ಯಾರೂ ಇಲ್ಲ.

ರೈಲು ಹಳಿ ಬಂದದ್ದು ಆ ಊರಿನ ಬಯಲನ್ನು ಸೀಳಿಕೊಂಡು. ಪ್ಲಾಟ್‌ಫಾರ್ಮಿಗೆ ನೆಲ ಅಗೆದಾಗ ಬೀಸುಕಲ್ಲುಗಳು ಸಿಕ್ಕವು, ಮಸಿ ಹತ್ತಿದ ಒಲೆಗಲ್ಲುಗಳು ಸಿಕ್ಕವು. ಗುತ್ತಿಗೆದಾರ ಅವನ್ನೆಲ್ಲ ತಳಪಾಯಕ್ಕೆ ಹಾಕಿ ಕಾಂಕ್ರೀಟು ಸುರಿದ. ಹಳಿಯ ಈಚೆಗೆ ಬನ್ನಿಕೇರಾದ ದಾರಿ. ಆಚೆಗೆ ಮೊಳಕಾಲೆತ್ತರದ ಹುಲ್ಲು ಬೆಳೆದ ಬಯಲು. ಸಂಜೆಯ ಬಿಸಿಲು ಓರೆಯಾದಾಗ ಆ ಹುಲ್ಲಿನಲ್ಲಿ ಓಣಿಗಳ ಗೆರೆ ಕಾಣುತ್ತಿತ್ತು. ಓಣಿ ಇದ್ದಲ್ಲಿ ಹುಲ್ಲಿನ ಬಣ್ಣವೇ ಬೇರೆ. ಗಾಡಿ ಇಳಿದವರು ಆ ಕಡೆ ಕತ್ತು ತಿರುಗಿಸದೆ ನಡೆದುಬಿಡುತ್ತಿದ್ದರು. ರತ್ನಮಾಲಾ ಮಾತ್ರ ದಿನಾ ನೋಡುತ್ತಿದ್ದಳು. ನೋಡದಿದ್ದರೆ ಅಲ್ಲಿ ಏನಾದರೂ ಬದಲಾಗಿಬಿಡಬಹುದು ಎಂಬಂತೆ ನೋಡುತ್ತಿದ್ದಳು.

ನಿಲ್ದಾಣಕ್ಕೆ ಈ ಹೆಸರು ಬಂದದ್ದು ಅವಳಿಂದಲೇ. ಅದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಲ್ಟು ಬೇಕೆಂದು ಬನ್ನಿಕೇರಾದವರು ಅರ್ಜಿ ಕೊಟ್ಟಾಗ ಅದನ್ನು ಬರೆದುಕೊಟ್ಟವಳು ಕೊಹಿನೂರ ಗ್ರಾಮದಿಂದ ಬಂದ, ಬಿ.ಎ. ಓದಿದ ಈ ಸೊಸೆಯೇ. ಬರವಣಿಗೆ ಎಂದರೆ ತಪ್ಪಿರಬಾರದು ಎಂದು ಪಹಣಿ ತರಿಸಿ ನೋಡಿ, ಜಾಗದ ಹೆಸರು ಅದರಲ್ಲಿ ಇದ್ದ ಹಾಗೆಯೇ ಬರೆದಳು: ‘ಕರಕಿವಾಡಿ ಗ್ರಾಮದ ಸರ್ವೆ ನಂಬರಿನಲ್ಲಿ.’ ಒಂದೂವರೆ ವರ್ಷದ ಮೇಲೆ ಹಳದಿ ಫಲಕ ನಿಂತಿತು. ಊರವರು ದಂಗಾಗಿ ನೋಡಿದರು, ರೈಲ್ವೆಯವರನ್ನು ಬೈದರು. ಅವಳು ಸುಮ್ಮನಿದ್ದಳು. ಆಮೇಲೆ ಕಮಿಷನ್ನಿನ ಮೇಲೆ ಟಿಕೇಟು ಮಾರುವ ಏಜೆಂಟರ ಕೆಲಸವೂ ಅವಳಿಗೇ ಬಂತು.

ಈಗ ಅವಳ ಎದೆಯಲ್ಲಿದ್ದದ್ದು ಆ ಕೆಲಸದ ಫಿಕರ್ ಅಲ್ಲ. ಸೋನಾಲಿಯ ಫಿಕರ್. ಮಗಳು ಹುಮನಾಬಾದದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಪ್ರಾಕ್ಟಿಕಲ್ಲು ಮುಗಿಯುವುದು ಐದಕ್ಕೆ. ಬನ್ನಿಕೇರಾದ ಕೊನೆಯ ಬಸ್ಸು ಹೊರಡುವುದು ನಾಲ್ಕಕ್ಕೆ. ಟಂಟಂ ಆಟೊ ಹಿಡಿದರೆ ಕ್ರಾಸಿನಲ್ಲಿ ಇಳಿದು ನಾಲ್ಕು ಮೈಲಿ ಕತ್ತಲಲ್ಲಿ ನಡೆಯಬೇಕು. ಗಂಡ ಅಜೀತ ಮಗಳನ್ನು ಕಾಲೇಜಿಗೆ ಸೇರಿಸುವ ದಿನವೇ ಹೇಳಿದ್ದ, “ಮನಿ ಮುಂದ ಗಾಡಿ ನಿಲ್ತದ ಅಂತ ಕಳಸಾಕತ್ತೇನಿ. ಗಾಡಿ ಇಲ್ಲಂದ್ರ ಕಾಲೇಜೂ ಇಲ್ಲ.” ಪರೀಕ್ಷೆಗೆ ಇನ್ನು ನಾಲ್ಕು ತಿಂಗಳು. ಸೋನಾಲಿಯ ಪಾಸು ಕೂಡ ಕಮಲಾಪೂರದ್ದೇ. ಮಾಡಿಸಿಕೊಟ್ಟವಳು ರತ್ನಮಾಲಾ.

ಮಂಗಳವಾರ ಸಂಜೆ ಗಾಡಿ ಇಳಿದವರನ್ನು ಅವಳು ಬೆಂಚಿನ ಹತ್ತಿರ ನಿಲ್ಲಿಸಿಕೊಂಡು ವಿಷಯ ಹೇಳಿದಳು. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ತುಳಜಾರಾಮ ಮೊದಲು ನಕ್ಕ.

“ಅಕ್ಕೋರೆ, ಎಲ್ಲಿಗಿ ಟಿಕೇಟ್ ತಗೊಂಡ್ರಿ ಅಂತ ಹೆಂಡತಿ ಕೇಳ್ತಾಳ. ಅಲ್ಲಿಗಿ ಅಂದ್ರ ಬಳಿ ಒಡಕೊಂತಾಳರಿ.”

“ಒಡಕೊಳ್ಳೂದಿಲ್ಲೋ, ಹೊಸಾವು ಇಡಸ್ಕೊಂತಾಳ,” ಎಂದಳು ಸೊಪ್ಪು ಮಾರಿ ಬುಟ್ಟಿ ಖಾಲಿ ಮಾಡಿಕೊಂಡು ಬಂದಿದ್ದ ಯಶೋದಾಬಾಯಿ. ಎಲ್ಲರೂ ಗೊಳ್ಳೆಂದರು.

“ನಗಬ್ಯಾಡ್ರಿ. ದಿನಾ ಬೆಳಿಗ್ಗಿ ನಾ ಕೊಡೂ ಟಿಕೇಟಿನ ಮ್ಯಾಲೆ ಕರಕಿವಾಡಿಯಿಂದ ಅಂತ ಇರ್ತದ. ಅದಕ್ಕ ಅಂಜೂದಿಲ್ಲ ನೀವು?”

“ಅಲ್ಲಿಂದ ಎದ್ದು ಬಂದಂಗ ಆತಲ್ಲರಿ,” ಎಂದ ತುಳಜಾರಾಮ. “ಅದು ಚೊಲೋನೇ ಅದ. ದಿನಾ ಎದ್ದು ಬರೋರು ನಾವು.”

“ಬರೇ ಹೆಸರು ಅದು. ಒಂದು ಜಾಗದ ಹೆಸರು. ಹೆಸರು ಯಾರನ್ನೂ ತಿನ್ನೂದಿಲ್ಲ.”

ನಗು ನಿಂತಿತು. ಯಶೋದಾಬಾಯಿ ಬುಟ್ಟಿ ತಲೆಗೇರಿಸಿಕೊಂಡಳು. “ಹಂಗಿದ್ರ ನೀನೇ ಹೋಗಿ ಅಂದು ಬಾ ತಾಯಿ,” ಎಂದಳು. ಅದರಲ್ಲಿ ಕುಹಕವೇನೂ ಇರಲಿಲ್ಲ.

ಅಂದು ಊಟವಾದ ಮೇಲೆ ಸೋನಾಲಿ ಮೊಬೈಲು ತೆಗೆದಳು. “ಆ್ಯಪ್‌ನಾಗ ತಗೊಂಡ್ರ ಆತಲ್ಲ ಮಮ್ಮಿ, ಬಾಯಿಲೆ ಅನ್ನೂದ್ಯಾಕ?” ಎಂದು ಹುಡುಕಿದಳು. ಹುಮನಾಬಾದ ಬಂತು, ಕಮಲಾಪೂರ ಬಂತು. ಕರಕಿವಾಡಿ ಎಂದು ಒತ್ತಿದರೆ ಪರದೆ ಸ್ವಲ್ಪ ಹೊತ್ತು ಯೋಚಿಸಿ, ಅಂಥ ನಿಲ್ದಾಣ ಇಲ್ಲ ಎಂದಿತು. ಅಕ್ಷರ ಬದಲಿಸಿ ಮತ್ತೆ ಒತ್ತಿದಳು. ಇಲ್ಲ. ಮಗಳು ನಕ್ಕಳು. ರತ್ನಮಾಲಾ ನಗಲಿಲ್ಲ.

ಮೂಲೆಯಲ್ಲಿ ತೊಗರಿಕಾಯಿ ಸುಲಿಯುತ್ತ ಕೂತಿದ್ದ ಅತ್ತೆ ಗಿರಿಜಾಬಾಯಿ ತಲೆ ಎತ್ತದೆ ಹೇಳಿದರು, “ನಮ್ಮ ಅತ್ತಿ ಅಲ್ಲೇ ಹುಟ್ಟಿದಕಿ. ಸಾಯೂತನಕ ಆ ಊರಿನ ಹೆಸರು ಬಾಯಾಗ ತರಲಿಲ್ಲ. ಯಾಕ ಅತ್ಯಾರೆ ಅಂದ್ರ, ಊರಿಗೂ ಕಿವಿ ಇರ್ತಾವ, ಬರ್ತೀನಿ ಅಂದ್ರ ಹಾದಿ ಕಾಯ್ತದ ಅಂತಿದ್ಲು.”

“ಹುಡುಗಿ ಮುಂದ ಇಂಥಾವೆಲ್ಲಾ ಹೇಳಬ್ಯಾಡ್ರಿ ಅತ್ಯಾರೆ.”

“ಹೇಳೂದಿಲ್ಲ ತಗೋ.” ಒಂದಷ್ಟು ಕಾಳು ಮೊರಕ್ಕೆ ಬಿದ್ದ ಸದ್ದು. “ಹುಡುಗಿ ಮಾತ್ರ ಕಾಲೇಜು ಬಿಡಬಾರದು. ನಾ ಅಂತೂ ಕಾಲೇಜಿನ ಮುಖ ನೋಡಿಲ್ಲ.”

ಗುರುವಾರ ಮಧ್ಯಾಹ್ನ ರತ್ನಮಾಲಾ ತಾನೇ ಹುಮನಾಬಾದಕ್ಕೆ ಹೋದಳು. ಅಲ್ಲಿಯ ಟಿಕೇಟು ಕಿಂಡಿಯ ಮುಂದಿನ ಸಾಲಿನಲ್ಲಿ ನಿಂತಳು. ಮುಂದೆ ಆರು ಮಂದಿ. ಪರೀಕ್ಷೆಯ ಉತ್ತರ ಬಾಯಿಪಾಠ ಮಾಡುವ ಹಾಗೆ ಮನಸ್ಸಿನಲ್ಲೇ ಹೇಳಿಕೊಂಡಳು: ಕರಕಿವಾಡಿ, ಹನ್ನೆರಡು. ಕರಕಿವಾಡಿ, ಹನ್ನೆರಡು. ಐದು ಮಂದಿ. ಮೂರು. ಮುಂದಿನವನು ಸರಿದ. ಗಾಜಿನ ಆಚೆಯ ಕ್ಲರ್ಕು ಮುಖ ಎತ್ತದೆ, “ಎಲ್ಲಿಗಿ?” ಎಂದ.

“ಕಮಲಾಪೂರ,” ಎಂದಳು.

ಅವಳು ಹೇಳಬೇಕೆಂದುಕೊಂಡದ್ದು ಅದಲ್ಲ. ಆ ಕ್ಷಣದವರೆಗೂ ನಾಲಿಗೆಯ ಮೇಲಿದ್ದದ್ದು ಬೇರೆ ಹೆಸರು. “ಅಲ್ಲ, ತಡೀರಿ,” ಎಂದು ಬಾಯಿ ತೆರೆದಳು. ಗಂಟಲಿನಿಂದ ಗಾಳಿ ಮಾತ್ರ ಬಂತು. ಹಿಂದಿನವರು ಗೊಣಗಿದರು. ಟಿಕೇಟು ಹಿಡಿದುಕೊಂಡು ಹೊರಗೆ ಬಂದವಳು ನಲ್ಲಿಯ ಕೆಳಗೆ ಮುಖವೊಡ್ಡಿ ನಿಂತಳು. ತನ್ನನ್ನು ತಾನೇ ಬೈದುಕೊಂಡಳು. ಬುದ್ಧವಿಹಾರಕ್ಕೆ ಹೋಗುವವಳು, ಊರಿನ ಹೆಂಗಸರಿಗೆ ದೆವ್ವ ಗಿವ್ವ ಇಲ್ಲ ಎಂದು ಹೇಳುವವಳು. ಇನ್ನೊಮ್ಮೆ ಸಾಲಿನಲ್ಲಿ ನಿಲ್ಲಲಿಲ್ಲ. ಟಂಟಂ ಹಿಡಿದು, ಕ್ರಾಸಿನಿಂದ ನಡೆದು, ಸಂಜೆಯ ಗಾಡಿಯ ಹೊತ್ತಿಗೆ ಹಾಲ್ಟಿಗೆ ಬಂದು ಕೂತಳು. ಹೋದದ್ದನ್ನು ಯಾರಿಗೂ ಹೇಳಲಿಲ್ಲ.

ಶುಕ್ರವಾರ ಅಜೀತ ಮಗಳಿಗೆ, “ಪುಸ್ತಕಾ ಎಲ್ಲಾ ಒಂದ್ ಕಡೆ ಇಟ್ಕೋ, ಮನ್ಯಾಗೇ ಓದೀಯಂತ,” ಎಂದ. ಮೆತ್ತಗೇ ಹೇಳಿದ. ಸೋನಾಲಿ ತಟ್ಟೆ ಬಿಟ್ಟು ಎದ್ದು ಹೋಗಿ ಅಜ್ಜಿಯ ಪಕ್ಕದಲ್ಲಿ ಮುಸುಕು ಹೊದ್ದು ಮಲಗಿದಳು. ಮುಸುಕಿನೊಳಗೆ ಇಬ್ಬರೂ ಬಹಳ ಹೊತ್ತು ಏನೋ ಮಾತಾಡಿಕೊಂಡದ್ದು ರತ್ನಮಾಲಾಳಿಗೆ ಕೇಳಿಸಿತು. ಮಾತು ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಗಿರಿಜಾಬಾಯಿಯೂ ಗಾಡಿಗೆ ಬಂದರು. ಹೊಸ ಇಳಕಲ್ ಸೀರೆ ಉಟ್ಟಿದ್ದರು. ಕಣ್ಣು ಮಂಜಾಗಿದೆ, ಹುಮನಾಬಾದದಲ್ಲಿ ತೋರಿಸಿಕೊಂಡು ಸಂಜೆ ಮೊಮ್ಮಗಳ ಜೊತೆಗೇ ಬರುತ್ತೇನೆ ಎಂದರು.

“ದವಾಖಾನಿಗಿ ಹೊಸಾ ಸೀರಿ ಯಾಕ್ರಿ ಅತ್ಯಾರೆ?”

“ಡಾಕ್ಟರ್ ನೋಡ್ಬೇಕಲ್ಲ ನನ್ನ. ಕಣ್ಣು ಕಾಣೂದಿಲ್ಲ ಅಂದ್ರ ನನಗ, ಅವಂಗ ಕಾಣ್ತದ.” ಸಾಲಿನಲ್ಲಿದ್ದವರು ನಕ್ಕರು. ರತ್ನಮಾಲಾ ಟಿಕೇಟು ಕೊಟ್ಟಳು.

ಐದೂವರೆಗೆ ಫೋನು ಬಂತು.

“ಮಮ್ಮಿ, ಕೆಲಸ ಆತು! ಹನ್ನೆರಡು ತಗೊಂಡೇನಿ. ಗೆಳತ್ಯಾರು ಎಲ್ಲಾರೂ ಕೂಡಿ ರೊಕ್ಕ ಕೊಟ್ರು.”

“ಏನ್ ಹನ್ನೆರಡು?”

“ಕರಕಿವಾಡಿದು! ಕ್ಲರ್ಕಗ ಕೇಳಸ್ಲಿಲ್ಲ, ಏನಂದ್ರಿ ಏನಂದ್ರಿ ಅಂತ ಮೂರು ಸಲ ಅನಸಿದ. ನಾನೂ ಜೋರಾಗಿ ಅಂದೆ. ಇಡೀ ಸ್ಟೇಷನ್ನಿಗಿ ಕೇಳಸಂಗ ಅಂದೆ. ನಿರೀಕ್ಷಕರಿಗಿ ಹೇಳು, ಬರಕೋ ಅನ್ನು.”

ಮೂರು ಸಲ. ರತ್ನಮಾಲಾ ಕಿಂಡಿಯ ಕಟ್ಟೆ ಹಿಡಿದುಕೊಂಡಳು. ಸ್ಟಾಪು ಉಳಿಯಿತು, ಮಗಳ ಓದು ಉಳಿಯಿತು ಎಂದು ತಲೆ ಹೇಳುತ್ತಿತ್ತು. ಅಷ್ಟರಲ್ಲಿ ಬಾಯಿ ಬೇರೆಯದನ್ನೇ ಹೇಳತೊಡಗಿತ್ತು. “ಸೋನಿ, ಕೇಳು. ನೀ ಇಲ್ಲಿ ಇಳೀಬ್ಯಾಡ. ಮುಂದ ಕಮಲಾಪೂರಕ್ಕ ಹೋಗು. ಪಪ್ಪಾ ಬಂದು ಕರಕೊಂಡು ಬರ್ತಾರ.”

“ಮಮ್ಮಿ? ನೀನಾ ಹಿಂಗ ಅನ್ನಾಕತ್ತಿ?”

“ನಾ ಹೇಳಿದ್ದು ಕೇಳು. ನಿನ್ನ ಆಯಿ, ಅಜ್ಜಿ ಎಲ್ಲಿದ್ದಾರ? ಆಯಿಗೆ ಕೊಡು.” ಗಾಡಿ ಬಂದ ಸದ್ದು, ಮಂದಿಯ ಗದ್ದಲ, ಫೋನು ಕಟ್ಟಾಯಿತು. ಮತ್ತೆ ಮಾಡಿದಳು. ಹತ್ತಲಿಲ್ಲ.

ಇಪ್ಪತ್ತು ನಿಮಿಷ. ಅವಳು ಪ್ಲಾಟ್‌ಫಾರ್ಮಿನ ತುದಿಯಿಂದ ತುದಿಗೆ ನಡೆದಳು. ಸೂರ್ಯ ಬಯಲಿನ ಅಂಚಿಗೆ ಬಂದಿದ್ದ. ಹುಲ್ಲಿನಲ್ಲಿ ಓಣಿಗಳು ಎಂದಿಗಿಂತ ಸ್ಪಷ್ಟವಾಗಿ ಬಿದ್ದಿದ್ದವು. ದೊಡ್ಡ ಓಣಿ, ಅದಕ್ಕೆ ಕೂಡುವ ಎರಡು ಸಣ್ಣ ಓಣಿ, ನಡುವೆ ಚಾವಡಿ ಇದ್ದಿರಬಹುದಾದ ಚೌಕ. ಗಾಳಿ ಇರಲಿಲ್ಲ. ಆದರೂ ದೊಡ್ಡ ಓಣಿಯ ಎರಡೂ ಬದಿಯ ಹುಲ್ಲು, ನಡುವಿನಲ್ಲಿ ಯಾರಿಗೋ ದಾರಿ ಬಿಟ್ಟ ಹಾಗೆ, ಆಚೀಚೆ ಬಾಗಿತ್ತು. ಅವಳು ಕಣ್ಣುಜ್ಜಿಕೊಂಡಳು. ನಾಯಿ ಬೆಂಚಿನ ಕೆಳಗಿಂದ ಎದ್ದು ಬನ್ನಿಕೇರಾದ ದಾರಿ ಹಿಡಿದು ಹೋಯಿತು.

ಗಾಡಿ ಬಂದು ನಿಂತಿತು. ಮುಂದಿನ ಡಬ್ಬಿಗಳಿಂದ ತುಳಜಾರಾಮ, ಯಶೋದಾಬಾಯಿ ಮತ್ತು ಉಳಿದವರು ಇಳಿದರು. ಎರಡನೇ ಡಬ್ಬಿಯ ಬಾಗಿಲಲ್ಲಿ ಸೋನಾಲಿ ಕಾಣಿಸಿಕೊಂಡಳು. ಕೈಯಲ್ಲಿ ಟಿಕೇಟಿನ ಕಾಗದಗಳನ್ನು ಎತ್ತಿ ಹಿಡಿದು ನಗುತ್ತ, ಒಂದು ಕಾಲು ಮೆಟ್ಟಿಲ ಮೇಲಿಟ್ಟಳು.

“ಇಳೀಬ್ಯಾಡ!” ರತ್ನಮಾಲಾ ಕೂಗಿದಳು. “ಒಳಗ ಹೋಗು! ಕಮಲಾಪೂರಕ್ಕ ಹೋಗು!”

ದಾರಿ ಹಿಡಿದಿದ್ದವರೆಲ್ಲ ನಿಂತು ತಿರುಗಿದರು. ವಾರವಿಡೀ ಬರೇ ಹೆಸರು, ಬರೇ ಹೆಸರು ಎಂದು ಹೇಳಿದ ಹೆಂಗಸು. ತುಳಜಾರಾಮ ಕೂಡ ನಗಲಿಲ್ಲ. ಸೋನಾಲಿಯ ಕಾಲು ಮೆಟ್ಟಿಲಿಗೂ ನೆಲಕ್ಕೂ ನಡುವೆ ನಿಂತಿತು. ಮುಖದ ನಗು ಕರಗಿ, ಹುಡುಗಿ ಮೊದಲ ಸಲ ಹಳಿಯ ಆಚೆ ನೋಡಿದಳು. ಹಿಂದಿನಿಂದ ಗಾರ್ಡು ಸೀಟಿ ಊದಿದ.

“ಜರಾ ಸರಿ ಮಗಾ.” ಡಬ್ಬಿಯ ಒಳಗಿನಿಂದ ಗಿರಿಜಾಬಾಯಿಯ ದನಿ ಬಂತು. “ಮೊದಲ ನಾ ಇಳೀತೀನಿ. ನೀ ನನ್ನ ಹಿಂದ ಇಳಿ.”

ಅವರು ಮೊಮ್ಮಗಳನ್ನು ಮೊಳಕೈಯಿಂದ ಪಕ್ಕಕ್ಕೆ ಸರಿಸಿ, ಸರಳು ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಬಂದರು. ಅವರ ಹಿಂದೆಯೇ ಸೋನಾಲಿ ಹಾರಿ ಇಳಿದಳು. ಗಾಡಿ ಸರಿಯಿತು. ರತ್ನಮಾಲಾ ಮಗಳ ರಟ್ಟೆ ಹಿಡಿದು, ಮುಖ, ಕುತ್ತಿಗೆ, ಕೈ ಎಲ್ಲ ಮುಟ್ಟಿ ನೋಡಿದಳು.

“ನೀ ಅಂಜಬ್ಯಾಡ ರತ್ನಾ,” ಎಂದರು ಗಿರಿಜಾಬಾಯಿ. ಸೊಂಟದ ಸಂಚಿಯಿಂದ ಮಡಚಿದ ಟಿಕೇಟೊಂದನ್ನು ತೆಗೆದು ಸೊಸೆಯ ಕೈಯಲ್ಲಿಟ್ಟರು. “ಹುಡುಗಿ ನಿನ್ನೆ ರಾತ್ರಿನೇ ನನಗ ಹೇಳಿದ್ಲು, ತಗೋತೀನಿ ಅಂತ. ಅದಕ್ಕ ನಾ ಮಧ್ಯಾಹ್ನನೇ ಹೋಗಿ ಅಂದು ಬಂದೆ. ಮೊದಲ ನಾ ಅಂದೇನಿ. ಹಾದಿ ಕಾದ್ರ ನನ್ನದು ಕಾಯ್ತದ, ಇಕಿದು ಆಮೇಲಿಂದು.”

“ಏನಂದ್ರಿ ಅತ್ಯಾರೆ?”

“ಏನನ್ನೂದು? ಕರಕಿವಾಡಿಗಿ ಒಂದು ಕೊಡಪ್ಪಾ ಅಂದೆ. ತಿರುಗಿ ಬರೂದೂ ಬೇಕೇನ್ ಆಯಿ ಅಂತ ಕೇಳ್ದ. ಬ್ಯಾಡ ಅಂದೆ.”

ತುಳಜಾರಾಮ ಹತ್ತಿರ ಬಂದಿದ್ದ. “ಸೋಮವಾರ ನಾನೂ ಅಂತೀನ್ರಿ ಅಕ್ಕೋರೆ,” ಎಂದ, ನೆಲ ನೋಡುತ್ತ. ಯಶೋದಾಬಾಯಿ ಸೋನಾಲಿಯ ಹೆಗಲ ಮೇಲೆ ಕೈ ಹಾಕಿ ದಾರಿಯ ಕಡೆ ನಡೆಸಿಕೊಂಡು ಹೋದಳು. ಉಳಿದವರ ದನಿ ಮೆಲ್ಲಗೆ ಮೇಲೆದ್ದಿತು. ಯಾರೋ ಏನೋ ಅಂದರು, ಸೋನಾಲಿಯ ನಗು ಕೇಳಿಸಿತು. ರತ್ನಮಾಲಾ ಟಿಕೇಟುಗಳನ್ನೆಲ್ಲ ಒಟ್ಟುಗೂಡಿಸಿ ಕಿಂಡಿಯ ಒಳಗಿಟ್ಟು, ನಿರೀಕ್ಷಕನಿಗೆ ಫೋನು ಮಾಡಿ ಆಯಿತೆಂದು ಹೇಳಿದಳು. ಅವನು, “ಬಂದ್ರಲ್ಲ ನಿಮ್ಮ ಮಂದಿ!” ಎಂದು ಖುಷಿಪಟ್ಟ. ಬಾಗಿಲಿಗೆ ಕೀಲಿ ಹಾಕಿ, “ಬರ್ರಿ ಅತ್ಯಾರೆ, ಹೊತ್ತಾತು,” ಎನ್ನುತ್ತ ತಿರುಗಿದಳು.

ಪ್ಲಾಟ್‌ಫಾರ್ಮಿನ ಮೇಲೆ ಯಾರೂ ಇರಲಿಲ್ಲ.

ಗಿರಿಜಾಬಾಯಿ ಹಳಿಯ ಆಚೆಗಿದ್ದರು. ಹುಲ್ಲು ಶುರುವಾಗುವಲ್ಲಿ ಚಪ್ಪಲಿ ಕಳಚಿ ಜೋಡಿಸಿಟ್ಟು, ದೊಡ್ಡ ಓಣಿ ಹಿಡಿದು ನಡೆಯುತ್ತಿದ್ದರು. ಮಂಜುಗಣ್ಣಿನ ತಡಕಾಟ ಆ ನಡಿಗೆಯಲ್ಲಿ ಇರಲಿಲ್ಲ.

“ಅತ್ಯಾರೆ!”

ತಿರುಗದೆ ಒಂದು ಕೈ ಎತ್ತಿದರು, ಒಳಗಿನ ಕೆಲಸ ಮುಗಿಸಿ ಬಂದೆ, ತಡಿ ಎನ್ನುವವರ ಹಾಗೆ. ಚೌಕದ ಹತ್ತಿರ ಎಡಕ್ಕೆ ತಿರುಗಿದರು. ನಾಲ್ಕು ಹೆಜ್ಜೆ ಹೋಗಿ ನಿಂತರು. ಸುತ್ತಲೂ ಬಯಲು, ಮೊಳಕಾಲೆತ್ತರದ ಹುಲ್ಲು, ಮೇಲೆ ಆಕಾಶ. ಅವರು ಸೆರಗು ತಲೆಯ ಮೇಲೆ ಎಳೆದುಕೊಂಡು, ಸೀರೆಯ ನಿರಿಗೆ ತುಸು ಎತ್ತಿ ಹಿಡಿದು, ತಗ್ಗು ಬಾಗಿಲು ಹೊಗುವವರ ಹಾಗೆ ಬೆನ್ನು ಬಗ್ಗಿಸಿ ತಲೆ ತಗ್ಗಿಸಿದರು. ಹಾಗೆಯೇ ಒಂದು ಕಾಲು ಎತ್ತಿ ಒಳಗಿಟ್ಟರು.